ಚಕ್ಕೆಯ ಬುಟ್ಟಿ

ಬೆಳ್ಮಣ್ಣಿನಲ್ಲಿ ಕಾರ್ಕಳದ ಬಸ್ಸು ನಿಲ್ಲುವಲ್ಲಿಂದ ಕೂಗಳತೆಯ ದೂರದಲ್ಲಿ ವೆರೊನಿಕಾ ಬಾಯಿಯ ಕಟ್ಟಿಗೆ ಡಿಪೋ ಇತ್ತು. ಬೋರ್ಡು ಗೀರ್ಡು ಏನೂ ಇರಲಿಲ್ಲ. ಬೇಲಿಯ ಮೇಲಿಂದ ಕಾಣುವ ಕಟ್ಟಿಗೆಯ ಅಟ್ಟಿಯೇ ಬೋರ್ಡು. ಮಾವ ಶುರುಮಾಡಿದ ಡಿಪೋ, ಗಂಡ ರೊಸಾರಿಯೊ ನಡೆಸಿದ್ದು, ಅವನು ಕಾಮಾಲೆಯಲ್ಲಿ ತೀರಿಕೊಂಡ ಮೇಲೆ ಹನ್ನೊಂದು ವರ್ಷದಿಂದ ಇವಳ ತಲೆಯ ಮೇಲೆ ಬಿದ್ದದ್ದು. ಹೆಂಗಸು ಕಟ್ಟಿಗೆ ವ್ಯಾಪಾರ ಮಾಡುವುದೇ ಎಂದು ಮೊದಲು ಮೂಗು ಮುರಿದವರೆಲ್ಲ ಈಗ ಮದುವೆಗೂ ಸತ್ತವರ ಬೊಜ್ಜದ ಊಟಕ್ಕೂ ಅವಳ ಬಾಗಿಲಿಗೇ ಬರುತ್ತಿದ್ದರು. ಹಸಿ ಕಟ್ಟಿಗೆಯನ್ನು ಒಣಗಿದ್ದೆಂದು ಕೊಟ್ಟವಳಲ್ಲ ಅವಳು. ಅಡಿಗೆಯವರಿಗೆ ಬೇಕಾದದ್ದು ಅಷ್ಟೇ.

ಹೀಗಿರುವಾಗ ಊರಿನಲ್ಲಿ ಕೊಡಲಿ ಹಿಡಿಯುವವರು ಸಿಗದಾದರು. ಒಬ್ಬ ಬೊಂಬಾಯಿಗೆ ಹೋದ, ಇನ್ನೊಬ್ಬ ಗಲ್ಫಿಗೆ ಹೋದ, ಕೊನೆಗೆ ಉಳಿದಿದ್ದ ವಿಠಲ ಸೊಂಟ ಹಿಡಿದುಕೊಂಡು ಮಗಳ ಮನೆ ಸೇರಿದ. ಎಂಬತ್ತೆರಡನೇ ಇಸವಿಯ ಮಳೆಗಾಲ ಮುಗಿಯುವಾಗ ಡಿಪೋದಲ್ಲಿ ದಿಮ್ಮಿಗಳು ಬೆಟ್ಟವಾಗಿ ಬಿದ್ದಿದ್ದವು, ಕಡಿಯಲು ಇದ್ದದ್ದು ಕಿರಿಯ ಮೈದುನ ಡೊಮಿನಿಕ್ ಒಬ್ಬನೇ. ನಲವತ್ತು ದಾಟಿದ ಆಸಾಮಿ. ಒಂದು ದಿಮ್ಮಿ ಕಡಿದರೆ ಎರಡು ಬೀಡಿ ಸೇದುವವನು.

ಬಹರೈನಿನ ಬಂದರಿನಲ್ಲಿ ಮರದ ಯಾರ್ಡಿನಲ್ಲಿದ್ದ ಇನ್ನೊಬ್ಬ ಮೈದುನ ಬ್ಯಾಪ್ಟಿಸ್ಟನಿಗೆ ಅವಳು ಈ ಕಷ್ಟವನ್ನೆಲ್ಲ ಬರೆದಳು. ಅವನ ಉತ್ತರದ ಜೊತೆ ಒಂದು ಬಣ್ಣದ ಹಾಳೆ ಬಂತು. 'ವೊನಿ,' ಎಂದು ಬರೆದಿದ್ದ. ಅತ್ತಿಗೆಯನ್ನು ಅವರ ಕೊಂಕಣಿಯಲ್ಲಿ ಕರೆಯುವುದು ಹಾಗೆ. 'ಕೊಡಲಿಯವರಿಗಾಗಿ ಯಾಕೆ ಕಾಯುವುದು? ಇಲ್ಲಿ ಮರ ಕೊಯ್ಯುವ ಪೆಟ್ರೋಲ್ ಮಿಶನ್ ಉಂಟು. ಒಬ್ಬನಿಂದ ಐದಾರು ಜನರ ಕೆಲಸ ಆಗ್ತದೆ. ಮೂರು ಸೈಜಿನದ್ದು ಉಂಟು, ಹಾಳೆಯಲ್ಲಿ ನೋಡಿ. ಯಾವುದು ಬೇಕು ಬರೆಯಿರಿ. ನಮ್ಮ ಜೇಮ್ಸ್ ಊರಿಗೆ ಬರುವಾಗ ಕಳಿಸುತ್ತೇನೆ.'

ಡೊಮಿನಿಕ್ ಹಾಳೆಯನ್ನು ಕಸಿದುಕೊಂಡು ನೋಡಿದ. ಅವನ ಬೆರಳು ನೇರವಾಗಿ ಎಲ್ಲಕ್ಕಿಂತ ದೊಡ್ಡದರ ಮೇಲೆ ಕುಳಿತಿತು. ಗಂಡಸರ ಬೆರಳು ಕುಳಿತುಕೊಳ್ಳುವುದೇ ಅಲ್ಲಿ, ಅದಕ್ಕೆ ಮದ್ದಿಲ್ಲ.

"ಇದೇ ಆಗಬೇಕು ವೊನಿ. ನೋಡಿ, ಎರಡು ಅಡಿ ಉದ್ದ! ಎಷ್ಟು ದಪ್ಪದ ಮರವೂ ಒಂದೇ ಏಟಿಗೆ."

"ನಮ್ಮ ಡಿಪೋಕ್ಕೆ ಎರಡು ಅಡಿ ದಪ್ಪದ ಮರ ವರ್ಷಕ್ಕೆ ಎಷ್ಟು ಬರ್ತದೆ?" ಎಂದು ವೆರೊನಿಕಾ ಕೇಳಿದಳು.

ಡೊಮಿನಿಕ್ ತಲೆ ಕೆರೆದುಕೊಂಡ. ಬರುತ್ತಿದ್ದದ್ದೆಲ್ಲ ಗಾಳಿಮರ, ಗೇರು, ಮುದಿ ಮಾವಿನ ಗೆಲ್ಲು. ಒಂದು ಅಡಿ ದಾಟಿದ್ದು ಅಪರೂಪ.

"ಆದರೂ ದೊಡ್ಡದಿದ್ದರೆ ಧೈರ್ಯ ಅಲ್ವಾ?"

ವೆರೊನಿಕಾ ವಾದಕ್ಕೆ ಹೋಗಲಿಲ್ಲ. ಹಾಳೆಯಲ್ಲಿ ಪ್ರತಿ ಮಿಶನ್ನಿನ ಕೆಳಗೆ ಅದರ ಭಾರ ಬರೆದಿತ್ತು. ಒಳಗೆ ಹೋಗಿ ಕುಚ್ಚಲಕ್ಕಿ ತಂದಳು, ಡಿಪೋದ ತಕ್ಕಡಿಯಲ್ಲಿ ತೂಗಿ ಒಂದು ಚೀಲಕ್ಕೆ ಒಂಬತ್ತು ಕಿಲೋ, ಇನ್ನೊಂದಕ್ಕೆ ಆರು ಕಿಲೋ ತುಂಬಿಸಿದಳು. ದೊಡ್ಡ ಮಿಶನ್ನೆಂದರೆ ಒಂಬತ್ತು, ನಡುವಿನದ್ದು ಆರು. ಒಂಬತ್ತು ಕಿಲೋದ ಚೀಲವನ್ನು ಡೊಮಿನಿಕನ ಎರಡೂ ಕೈಗೆ ಕೊಟ್ಟು, "ಸೊಂಟ ಬಗ್ಗಿಸಿ ಮುಂದಕ್ಕೆ ಚಾಚಿ ಹಿಡಿ. ಮರ ಕೊಯ್ಯುವ ಹಾಗೆ. ನಾನು ಹತ್ತು ನಮಾನ್ ಮರಿಯೆ ಹೇಳುವವರೆಗೆ ಇಳಿಸಬಾರದು," ಎಂದು ಜಪಮಾಲೆ ತೆಗೆದಳು.

ಮೇರಿ ಮಾತೆಗೆ ಮೊದಲ ನಮಸ್ಕಾರ ಹೇಳುವಾಗ ಡೊಮಿನಿಕ್ ನಗುತ್ತಿದ್ದ. ಮೂರನೆಯದರಲ್ಲಿ ನಗು ಹೋಯಿತು. ಐದನೆಯದು ಅರ್ಧವಾಗುವಾಗ ಚೀಲವೂ ಹೋಯಿತು, ಅಕ್ಕಿ ಅಂಗಳ ತುಂಬಾ ಚೆಲ್ಲಿತು. ಆರು ಕಿಲೋದ ಚೀಲ ಮಾತ್ರ ಹತ್ತು ಮುಗಿಯುವವರೆಗೂ ನಿಂತಿತು, ಅವನ ಮುಖ ಸ್ವಲ್ಪ ಕೆಂಪಾದದ್ದು ಬಿಟ್ಟರೆ.

"ನಡುವಿನದ್ದು," ಎಂದು ವೆರೊನಿಕಾ ಬ್ಯಾಪ್ಟಿಸ್ಟನಿಗೆ ಬರೆದಳು. ಜೊತೆಗೆ ಮೂರು ಬದಲಿ ಚೈನು, ಹಲ್ಲು ಮಸೆಯಲು ನಾಲ್ಕು ಉರುಟು ಅರ, ಎರಡು ಪ್ಲಗ್ಗು ಬೇಕೆಂದೂ ಬರೆದಳು. ಇಲ್ಲಿ ಕಾರ್ಕಳದಲ್ಲಾಗಲಿ ಉಡುಪಿಯಲ್ಲಾಗಲಿ ಅವೆಲ್ಲ ಸಿಗುವುದಿಲ್ಲ ಎಂಬುದು ಅವಳಿಗೆ ಹೊಳೆದಿತ್ತು. ಚೈನು ಓಡುವ ಉಕ್ಕಿನ ಪಟ್ಟಿಗೆ ಬದಲಿ ಕೇಳಲಿಲ್ಲ. ಅಷ್ಟು ದಪ್ಪದ ಉಕ್ಕಿಗೆ ಏನಾಗುವುದುಂಟು ಎಂದುಕೊಂಡಳು. ಬುದ್ಧಿವಂತರು ಮರೆಯುವುದು ಇಂಥ ಒಂದನ್ನೇ.

ಎಂಬತ್ತಮೂರರ ಫೆಬ್ರವರಿಯಲ್ಲಿ ಜೇಮ್ಸ್ ಮಿಶನ್ ತಂದುಕೊಟ್ಟ. ಅದನ್ನು ನೋಡಲು ಬಂದವರ ಲೆಕ್ಕವಿಲ್ಲ. ಡೊಮಿನಿಕ್ ಹಗ್ಗ ಎಳೆದು ಶುರುಮಾಡಿದಾಗ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಬೇಲಿಗೆ ಬಂದು ಆತುಕೊಂಡರು, ಕಾರ್ಕಳದ ಬಸ್ಸು ಅವರನ್ನು ಬಿಟ್ಟೇ ಹೋಯಿತು. ಅರ್ಧ ದಿನ ಕಡಿಯಬೇಕಾದ ದಿಮ್ಮಿ ಒಂದು ಬೀಡಿ ಸೇದುವಷ್ಟರಲ್ಲಿ ತುಂಡು ತುಂಡಾಗಿ ಬಿತ್ತು.

ಡೊಮಿನಿಕ್ ಬದಲಾದ ಮನುಷ್ಯನಾದ. ಮನೆಯ ಬಾವಿಯ ರಾಟೆಗೆ ಒಂದು ಹನಿ ಎಣ್ಣೆ ಬಿಡದಿದ್ದವನು ಮಿಶನ್ನಿಗೆ ತಾಯಿಯ ಹಾಗೆ ಸೇವೆ ಮಾಡಿದ. ಪೆಟ್ರೋಲಿಗೆ ಸೇರಿಸುವ ಎಣ್ಣೆಯನ್ನು ಮದ್ದಿನ ಬಾಟಲಿಯ ಗೆರೆ ನೋಡಿ ಹೊಯ್ಯುವನು. ಮಧ್ಯಾಹ್ನ ಉಂಡು ಎಲ್ಲರೂ ಮಲಗುವಾಗ ಹಲಸಿನ ಮರದಡಿ ಕುಳಿತು ಒಂದೊಂದೇ ಹಲ್ಲಿಗೆ ಅರ ಹಾಕುವನು. ಹಲ್ಲಿಗೆ ಮೂರೇ ಸಲ, ಒಂದೇ ದಿಕ್ಕಿಗೆ. ಗಾಳಿ ಹೋಗುವ ಜಾಲರಿಯನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜುವನು. ಬೆಳಿಗ್ಗೆ ಶುರುಮಾಡಿದ ಕೂಡಲೇ ಪಟ್ಟಿಯ ತುದಿಯನ್ನು ಒಂದು ಬಿಳಿ ಮರದ ಮುಖಕ್ಕೆ ಹಿಡಿದು ನೋಡುವನು. ಚೈನಿನಿಂದ ಎಣ್ಣೆಯ ಸಣ್ಣ ಗೆರೆ ಹಾರಿ ಮರಕ್ಕೆ ಬಿದ್ದರೆ ಸರಿ. ಬೀಳದಿದ್ದರೆ ಚೈನಿಗೆ ಎಣ್ಣೆ ಹೋಗುತ್ತಿಲ್ಲ ಎಂದು ಅರ್ಥ, ಕೊಯ್ಯಬಾರದು. ಇದನ್ನೆಲ್ಲ ಬ್ಯಾಪ್ಟಿಸ್ಟ್ ನಾಲ್ಕು ಪುಟ ಬರೆದು ಕಳಿಸಿದ್ದ. ಡೊಮಿನಿಕ್ ಅದನ್ನು ಪ್ರಾರ್ಥನೆಯ ಪುಸ್ತಕದೊಳಗೆ ಇಟ್ಟುಕೊಂಡಿದ್ದ.

ಮಿಶನ್ ಬಂದ ಮೊದಲ ದಿನ ಸಂಜೆ ಆದದ್ದನ್ನು ಹೇಳಬೇಕು. ಅದಕ್ಕೆ ಮೊದಲು ಅಪ್ಪಿಯ ವಿಷಯ ಹೇಳಬೇಕು.

ಅಪ್ಪಿ ಡಿಪೋದ ಹಿಂದಿನ ಗದ್ದೆ ದಾಟಿದರೆ ಸಿಗುವ ಮನೆಯವಳು. ಇಪ್ಪತ್ತೆರಡು ವರ್ಷದಿಂದ ಡಿಪೋದಲ್ಲಿ ಕಟ್ಟಿಗೆ ಹೊತ್ತು ಅಟ್ಟಿ ಹಾಕುವವಳು. ಅವಳು ಹಾಕಿದ ಅಟ್ಟಿ ಎರಡು ಮಳೆಗಾಲ ಕಂಡರೂ ಓರೆಯಾಗದು. ಕೂಲಿ ಬೇರೆ, ಅದಲ್ಲದೆ ಅವಳಿಗೆ ಒಂದು ಹಕ್ಕಿತ್ತು. ಕೊಡಲಿಯಲ್ಲಿ ಮರವನ್ನು ಅಡ್ಡ ಕಡಿಯುವಾಗ ಚಕ್ಕೆ ಹಾರುತ್ತದಲ್ಲ, ಆ ಚಕ್ಕೆ ಅಟ್ಟಿ ಹಾಕುವ ಹೆಂಗಸಿಗೆ. ಸಂಜೆ ಕೆಲಸ ಬಿಡುವಾಗ ಒಂದು ಬುಟ್ಟಿ. ವೆರೊನಿಕಾಳ ಮಾವ ಅಪ್ಪಿ ಕೆಲಸಕ್ಕೆ ಬಂದ ಮೊದಲ ದಿನವೇ ಹೇಳಿದ್ದರಂತೆ: ಕಟ್ಟಿಗೆ ನಮ್ಮದು, ಚಕ್ಕೆ ನಿನ್ನದು. ಎಲ್ಲಿಯೂ ಬರೆದದ್ದಲ್ಲ. ಆದರೆ ಮಾವನಾಗಲಿ ರೊಸಾರಿಯೊ ಆಗಲಿ ವೆರೊನಿಕಾ ಆಗಲಿ ಒಂದು ದಿನವೂ ಆ ಚಕ್ಕೆಗೆ ಕೈ ಹಾಕಿದವರಲ್ಲ. ಅಪ್ಪಿಯೂ ಒಂದು ದಿನವೂ ಒಂದು ಸೀಳು ಕಟ್ಟಿಗೆಯನ್ನು ಬುಟ್ಟಿಯ ಅಡಿಯಲ್ಲಿ ತುರುಕಿದವಳಲ್ಲ. ತುಂಬಿದ ಬುಟ್ಟಿ ಭಾರ. ಒಬ್ಬಳೇ ತಲೆಗೇರಿಸಲು ಆಗದು. ಕಡಿದವನೇ ಒಂದು ಕೈ ಹಾಕಿ ಎತ್ತಿ ಕೊಡುವುದು ರೂಢಿ.

ಮಿಶನ್ ಬಂದ ದಿನ ಸಂಜೆ ಅಪ್ಪಿ ಎಂದಿನಂತೆ ತಲೆಗೆ ಸಿಂಬೆ ಇಟ್ಟುಕೊಂಡು ಬುಟ್ಟಿ ಹಿಡಿದು ಬಂದಳು. ನೋಡಿದರೆ ನೆಲದಲ್ಲಿ ಒಂದು ಚಕ್ಕೆ ಇಲ್ಲ. ಮಿಶನ್ ಕೊಯ್ದರೆ ಎಲ್ಲಿಯ ಚಕ್ಕೆ? ಬರೇ ಹುಡಿ. ತುಂಡುಗಳನ್ನು ಕೊಡಲಿಯಲ್ಲಿ ಸೀಳುವಾಗಲೂ ಏಳುವುದು ನಾಲ್ಕು ಎಳೆ, ಒಲೆಯ ಬಾಯಿಗೂ ಸಾಲದು. ಅಪ್ಪಿ ಬುಟ್ಟಿ ಹಿಡಿದುಕೊಂಡು ನಿಂತಳು. ಡೊಮಿನಿಕ್ ಮಿಶನ್ನಿನ ಕಡೆ ನೋಡಿದ. ವೆರೊನಿಕಾ ಖಾಲಿ ಬುಟ್ಟಿಯನ್ನು ನೋಡಿದಳು. ಭಾರ ತೂಗಿದ್ದಳು, ಉದ್ದ ನೋಡಿದ್ದಳು, ಪ್ಲಗ್ಗು ನೆನಪಿಟ್ಟುಕೊಂಡಿದ್ದಳು. ಇದೊಂದು ಮನಸ್ಸಿಗೇ ಬಂದಿರಲಿಲ್ಲ.

"ಆ ಅಟ್ಟಿಯಿಂದ ನಾಲ್ಕು ಸೀಳು ತೆಗೆದುಕೊಂಡು ಹೋಗು ಅಪ್ಪಿ," ಎಂದಳು. "ದಿನಾ ತಕ್ಕೊ."

"ಕಟ್ಟಿಗೆ ಬೇಡ ಬಾಯಮ್ಮ," ಎಂದಳು ಅಪ್ಪಿ. "ಕಟ್ಟಿಗೆ ನಿಮ್ಮದು. ಚಕ್ಕೆ ನನ್ನದು."

"ಚಕ್ಕೆ ಇಲ್ವಲ್ಲ ಮಾರಾಯ್ತಿ ಈಗ."

"ಹುಡಿ ಉಂಟಲ್ಲ," ಎಂದು ಅಪ್ಪಿ ಬಗ್ಗಿ ಕೈಯಲ್ಲಿ ಹುಡಿ ಬಾಚಿ ಬುಟ್ಟಿಗೆ ತುಂಬಿದಳು. ಹುಡಿಯ ಬುಟ್ಟಿ ಹಗುರ. ಯಾರ ಕೈಯೂ ಬೇಕಾಗಲಿಲ್ಲ. ತಾನೇ ಎತ್ತಿ ತಲೆಗಿಟ್ಟುಕೊಂಡು ಹೋದಳು.

ಮರುದಿನ ಬಂದು, "ಬಾಯಮ್ಮ, ಹುಡಿ ನಾರ್ತದೆ. ಗಂಜಿಗೆಲ್ಲ ಬಸ್ಸಿನ ವಾಸನೆ," ಎಂದಳು.

ನಾರದೆ ಇನ್ನೇನು? ಚೈನಿಗೆ ಬಿಡಲು ಡೊಮಿನಿಕ್ ಬಸ್ಸಿನ ಗ್ಯಾರೇಜಿನಿಂದ ಸುಟ್ಟ ಆಯಿಲು ತರುತ್ತಿದ್ದ. ಅದು ಹುಡಿಗೆಲ್ಲ ಹಾರಿ ಮೆತ್ತಿಕೊಳ್ಳುತ್ತಿತ್ತು. ವೆರೊನಿಕಾ ಒಂದು ದಿನ ಯೋಚಿಸಿದಳು. ಮನೆಯಲ್ಲಿ ತೆಂಗಿನೆಣ್ಣೆಗೆ ಬರವಿರಲಿಲ್ಲ, ಕೊಬ್ಬರಿ ಮಿಲ್ಲಿಗೆ ಕೊಟ್ಟು ಡಬ್ಬ ತುಂಬಿಸುತ್ತಿದ್ದಳು. "ಇನ್ನು ಮೇಲೆ ಚೈನಿಗೆ ತೆಂಗಿನೆಣ್ಣೆ ಹಾಕು," ಎಂದು ಡೊಮಿನಿಕನಿಗೆ ಹೇಳಿದಳು.

ಡೊಮಿನಿಕ್ ಬಾಯಿ ಬಡಿದುಕೊಳ್ಳುವುದೊಂದು ಬಾಕಿ. "ಎಂತ ವೊನಿ ನೀವು! ಮಿಶನ್ನಿಗೆ ತಲೆಗೆ ಹಚ್ಚುವ ಎಣ್ಣೆಯಾ? ಇನ್ನು ಅದಕ್ಕೆ ಮಲ್ಲಿಗೆಯನ್ನೂ ಮುಡಿಸುವುದಾ?"

"ಎಣ್ಣೆ ಎಣ್ಣೆಯೇ. ಅವಳ ಗಂಜಿ ನಾರಬಾರದು."

ತೆಂಗಿನೆಣ್ಣೆಯಲ್ಲಿ ಮಿಶನ್ ಚೆನ್ನಾಗಿಯೇ ಓಡಿತು. ಕೊಯ್ಯುವಾಗ ಡಿಪೋದಿಂದ ತಿಂಡಿ ಕಾಯಿಸುವ ಪರಿಮಳ ಬರುತ್ತಿತ್ತು, ಬಸ್ಸಿಗೆ ಕಾಯುವವರು ಮೂಗರಳಿಸುತ್ತಿದ್ದರು. ರಾತ್ರಿ ಇರುವೆ ಹತ್ತುತ್ತಿತ್ತು. ಡೊಮಿನಿಕ್ ಮಿಶನ್ನಿನ ಸುತ್ತ ಅರಸಿನದ ಹುಡಿಯ ಗೆರೆ ಎಳೆದು ಮಲಗುತ್ತಿದ್ದ. ವೆರೊನಿಕಾ ಅಷ್ಟಕ್ಕೇ ನಿಲ್ಲಲಿಲ್ಲ. ಕಾರ್ಕಳದ ಡಬ್ಬಿ ಬೆಸೆಯುವವನಿಂದ ತಗಡಿನ ಹುಡಿ ಒಲೆ ಮಾಡಿಸಿ ತಂದು ಅಪ್ಪಿಗೆ ಕೊಟ್ಟಳು. ನಡುವೆ ಬಾಟಲಿ ನಿಲ್ಲಿಸಿ ಸುತ್ತ ಹುಡಿ ಒತ್ತಿ ತುಂಬಿಸಿ, ಬಾಟಲಿ ಎಳೆದು ತೆಗೆದರೆ ಆ ತೂತಿನಲ್ಲಿ ಬೆಂಕಿ ಉರಿಯುವ ಒಲೆ. ಆಗ ಎಷ್ಟೋ ಮನೆಗಳಲ್ಲಿ ಇತ್ತು. ಅಪ್ಪಿ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ದಿನಾ ಸಂಜೆ ಬುಟ್ಟಿ ತುಂಬಾ ಹುಡಿ ಕೊಂಡುಹೋದಳು, ಮಳೆಗಾಲದಲ್ಲಿ ಮೇಲೆ ಬಾಳೆ ಎಲೆ ಮುಚ್ಚಿಕೊಂಡು ಕೊಂಡುಹೋದಳು. ವೆರೊನಿಕಾಳಿಗೆ ಸಮಾಧಾನವಾಯಿತು. ಇಗರ್ಜಿಯ ಅಂಗಳದಲ್ಲಿ ನಾಲ್ಕು ಜನರಿಗೆ ಹೇಳಿಕೊಂಡಳು ಕೂಡ. ತಾನು ನ್ಯಾಯಸ್ಥೆ ಎಂದು ಅನಿಸುವುದು ಯಾರಿಗಾದರೂ ಸುಖವೇ.

ಡಿಸೆಂಬರ್ ಬಂತು. ನಮ್ಮ ಕಡೆಯ ಚಳಿ ಘಟ್ಟದ ಮೇಲಿನವರಿಗೆ ಚಳಿಯೇ ಅಲ್ಲ. ಆದರೆ ತೆಂಗಿನೆಣ್ಣೆಗೆ ಅಷ್ಟು ಸಾಕು. ಬೆಳಗಾಗುವಾಗ ಬಾಟಲಿಯೊಳಗೆ ಬೆಣ್ಣೆಯ ಹಾಗೆ ಬಿಳಿಯಾಗಿ ಕೂತಿರುತ್ತದೆ. ತಲೆಗೆ ಹಚ್ಚಬೇಕಾದರೆ ಬಿಸಿಲಿಗಿಡಬೇಕು. ಇದು ಮಕ್ಕಳಿಗೂ ಗೊತ್ತಿದ್ದದ್ದು, ಡೊಮಿನಿಕನಿಗೂ ಗೊತ್ತಿತ್ತು. ಅವನು ಮಿಶನ್ನನ್ನು ಬಿಸಿಲಿಗಿಟ್ಟು, ಒಳಗಿನ ಎಣ್ಣೆ ಕರಗಿದ ಮೇಲೆ ಒಂಬತ್ತು ಗಂಟೆಗೆ ಕೆಲಸ ಶುರುಮಾಡುತ್ತಿದ್ದ. ಅಷ್ಟು ಹೊತ್ತು ಬೀಡಿ ಸೇದಲು ಒಂದು ಕಾರಣವೂ ಸಿಕ್ಕಿತ್ತು.

ಜನವರಿಯ ಕೊನೆಗೆ ಅಲೆವೂರಿನಲ್ಲಿ ಒಂದು ದೊಡ್ಡ ಮದುವೆ. ಅಡಿಗೆಯ ಮಧ್ವರಾಜ ಭಟ್ಟರು ಶುಕ್ರವಾರ ಸಂಜೆ ಆಳು ಕಳಿಸಿದರು. ಮೊದಲು ಹೇಳಿದ್ದು ಸಾಲದು, ಇನ್ನೊಂದು ಗಾಡಿ ಕಟ್ಟಿಗೆ ಬೇಕು, ಶನಿವಾರ ಸಂಜೆಯೊಳಗೆ ಬೇಕು. ಅಟ್ಟಿಯಲ್ಲಿ ಒಣಗಿದ್ದು ಅಷ್ಟಿರಲಿಲ್ಲ. ಮೂಲೆಯಲ್ಲಿ ಎರಡು ವರ್ಷದಿಂದ ಒಣಗಿ ಬಿದ್ದಿದ್ದ ಮಾವಿನ ದಿಮ್ಮಿಗಳಿದ್ದವು.

"ಬೇಗ ಶುರುಮಾಡು ಡೊಮಿನಿಕ್," ಎಂದಳು ವೆರೊನಿಕಾ. "ಒಂಬತ್ತರವರೆಗೆ ಬಿಸಿಲು ಕಾಯಿಸುತ್ತ ಕೂತರೆ ಆಗುವುದಿಲ್ಲ."

ಹೇಳಿದ್ದು ಅವಳೇ. ಇದನ್ನು ನೆನಪಿಡಿ, ಅವಳು ಆಮೇಲೆ ಇದನ್ನು ಮರೆಯಲು ನೋಡಿದಳು.

ಶನಿವಾರ ಆರೂವರೆಗೆ, ಇಬ್ಬನಿ ಬೀಳುತ್ತಿರುವಾಗಲೇ, ಡೊಮಿನಿಕ್ ಹಗ್ಗ ಎಳೆದ. ಅವಸರ. ಪಟ್ಟಿಯ ತುದಿ ಹಿಡಿದು ಎಣ್ಣೆಯ ಗೆರೆ ಬೀಳುತ್ತದೋ ಎಂದು ನೋಡಲಿಲ್ಲ. ಒಣಗಿದ ಮಾವು ಗಟ್ಟಿ. ಒಂದು ದಿಮ್ಮಿ ಆಯಿತು, ಎರಡು ಆಯಿತು. ಮೂರನೆಯದರ ನಡುವೆ ಹೊಗೆ ಎದ್ದಿತು, ಕೀರಲು ಶಬ್ದ ಬಂತು, ಚೈನು ಕಡಿದು ಬಾಲದ ಹಾಗೆ ಬೀಸಿ ಪಕ್ಕದ ದಿಮ್ಮಿಗೆ ಹೊಡೆಯಿತು. ದೇವರು ದೊಡ್ಡವನು, ಡೊಮಿನಿಕನ ಕಾಲು ಉಳಿಯಿತು. ಮಿಶನ್ ತಿರುಗಿಸಿ ನೋಡಿದರೆ ಪಟ್ಟಿ ನೀಲಿ ತಿರುಗಿ ಡೊಂಕಾಗಿತ್ತು, ಚೈನು ಓಡುವ ಸೀಳು ಒಂದು ಕಡೆ ಅಗಲವಾಗಿ ಬಾಯಿ ಬಿಟ್ಟಿತ್ತು. ಎಣ್ಣೆಯ ಮುಚ್ಚಳ ತೆಗೆದರೆ ಒಳಗೆ ಬೆಳ್ಳಗೆ, ಗಟ್ಟಿಯಾಗಿ, ತೆಂಗಿನೆಣ್ಣೆ.

ಬದಲಿ ಚೈನು ಮೂರಿದ್ದವು. ಬದಲಿ ಪಟ್ಟಿ ಇರಲಿಲ್ಲ.

ಡೊಮಿನಿಕನ ಮುಖ ಅಳುವ ಹಾಗಾಗಿತ್ತು. ಅಳಲು ನಾಚಿಕೆ, ಹಾಗಾಗಿ ಸಿಟ್ಟು ಬಂತು. ಅಟ್ಟಿಯ ಹತ್ತಿರ ನಿಂತಿದ್ದ ಅಪ್ಪಿಯ ಕಡೆ ತಿರುಗಿ, "ನೋಡು! ನಿನ್ನ ಒಂದು ಬುಟ್ಟಿ ಹುಡಿಗೋಸ್ಕರ ನಮ್ಮ ಮಿಶನ್ ಹೋಯ್ತು. ಖುಷಿ ಆಯ್ತಾ?" ಎಂದು ಕಿರುಚಿದ.

ಅಪ್ಪಿ ವೆರೊನಿಕಾಳ ಕಡೆ ನೋಡಿದಳು. ಎಣ್ಣೆ ಬದಲಿಸಿದ್ದು ವೆರೊನಿಕಾ, ಬೇಗ ಶುರುಮಾಡು ಎಂದದ್ದು ವೆರೊನಿಕಾ. ಅವಳು ಅಲ್ಲಿಯೇ ಇದ್ದಳು, ಬಾಯಿಯೂ ಇತ್ತು. ಆದರೆ ಆ ಹೊತ್ತಿಗೆ ಅವಳಿಗೂ ಮಿಶನ್ನಿನದೇ ಸಂಕಟ. ಸುಮ್ಮನಿದ್ದಳು. ಅಪ್ಪಿ ಕೈಯಲ್ಲಿದ್ದ ಸೀಳನ್ನು ಅಟ್ಟಿಯ ಮೇಲೆ ಸರಿಯಾಗಿ ಇಟ್ಟಳು, ಸಿಂಬೆ ತೆಗೆದು ಕೊಡವಿ ಬುಟ್ಟಿಯೊಳಗೆ ಹಾಕಿಕೊಂಡು ಮನೆಗೆ ಹೋದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಬುಟ್ಟಿ ಖಾಲಿಯಾಗಿ ಗದ್ದೆ ದಾಟಿತು.

ಇನ್ನಂಜೆಯಿಂದ ಇಬ್ಬರು ಕೊಡಲಿಯವರನ್ನು ಕರೆಸಿ ಹೇಗೋ ಅಲೆವೂರಿನ ಗಾಡಿ ತುಂಬಿಸಿದ್ದಾಯಿತು. ಮದುವೆಯವರು ಉಂಡರು, ಭಟ್ಟರು ಹೊಗಳಿದರು. ಕಡಿದಲ್ಲೆಲ್ಲ ಮಾವಿನ ಚಕ್ಕೆ ರಾಶಿ ಬಿದ್ದಿತ್ತು, ಒಣಗಿದ್ದು, ಒಳ್ಳೆಯದು. ಅದನ್ನು ಒಯ್ಯುವವಳು ಆದಿತ್ಯವಾರ ಬರಲಿಲ್ಲ, ಸೋಮವಾರ ಬರಲಿಲ್ಲ. ಮಂಗಳವಾರ ವೆರೊನಿಕಾ ತಾನೇ ಅಟ್ಟಿ ಹಾಕಲು ಹೋದಳು, ಮೊಣಕಾಲೆತ್ತರಕ್ಕೆ ಬರುವಾಗ ಕುಸಿದು ಕಾಲ ಮೇಲೆ ಬಿತ್ತು. ಕಾಲಿನ ನೋವಿಗಿಂತ ಅಪ್ಪಿಯ ಆ ನೋಟವೇ ಅವಳನ್ನು ಚುಚ್ಚುತ್ತಿತ್ತು. ಅಪ್ಪಿ ಇನ್ನು ಬರದಿದ್ದರೆ? ಮಿಶನ್ನಿಲ್ಲದೆ ಡಿಪೋ ನಡೆದೀತು, ಅಪ್ಪಿಯಿಲ್ಲದೆ ನಡೆಯದು. ಡಿಪೋ ಬಿಡಿ, ಅವಳು ಹೀಗೆ ಹೋದರೆ ಮಾವನ ಮಾತು ತನ್ನ ಕಾಲದಲ್ಲಿ ಸತ್ತಿತು ಎಂದಾಗುತ್ತದೆ. ವೆರೊನಿಕಾ ಕುಂಟುತ್ತಲೇ ಗದ್ದೆ ದಾಟಿದಳು. ಇಷ್ಟು ವರ್ಷದಲ್ಲಿ ಆ ಮನೆಗೆ ಹೋಗಿರಲೇ ಇಲ್ಲ ಎಂಬುದು ಅರ್ಧ ದಾರಿಯಲ್ಲಿ ನೆನಪಾಯಿತು.

ಅಪ್ಪಿ ಜಗಲಿಯಲ್ಲಿ ಕುಳಿತು ಮಗಳು ಮನೋರಮಾಳ ಜೊತೆ ಬೀಡಿ ಕಟ್ಟುತ್ತಿದ್ದಳು. ಮಡಿಲಲ್ಲಿ ಎಲೆ ತುಂಬಿದ ಗೆರಸೆ. ಅದನ್ನು ನೋಡಿ ವೆರೊನಿಕಾ ಅಂಗಳದಲ್ಲೇ ನಿಂತಳು. ಬೀಡಿಗೆ ಕುಳಿತವರು ಮತ್ತೆ ಕಟ್ಟಿಗೆ ಹೊರಲು ಏಳುವುದಿಲ್ಲ.

"ಅಯ್ಯೋ, ಬಾಯಮ್ಮ! ಇಲ್ಲಿವರೆಗೆ ಎಂತ ಬಂದದ್ದು? ಕೂತುಕೊಳ್ಳಿ," ಎಂದು ಅಪ್ಪಿ ಎದ್ದು ಚಾಪೆ ಹಾಸಿ, ನೀರು ಬೆಲ್ಲ ತರಲು ಒಳಗೆ ಹೋದಳು.

ವೆರೊನಿಕಾ ಸುತ್ತ ನೋಡಿದಳು. ಹಟ್ಟಿಯಲ್ಲಿ ದನವಿರಲಿಲ್ಲ. ನೆಲದಿಂದ ಮಾಡಿನವರೆಗೆ ಗೋಣಿ ಚೀಲಗಳು. ಒಂದು ಚೀಲ ಹರಿದು ಹುಡಿ ಸುರಿದಿತ್ತು, ಕಪ್ಪಾಗಿ, ಬೂಸಲು ಹಿಡಿದು. ಮೂಲೆಯಲ್ಲಿ ಅವಳು ಮಾಡಿಸಿಕೊಟ್ಟ ತಗಡಿನ ಒಲೆ. ಹೊಸದರ ಹಾಗೆಯೇ ಇತ್ತು, ಮಸಿಯ ಗುರುತೇ ಇಲ್ಲ. ಅದರೊಳಗೆ ಹುಡಿ ಹಾಸಿ ಒಂದು ಕೋಳಿ ಕಾವಿಗೆ ಕುಳಿತಿತ್ತು. ವೆರೊನಿಕಾಳನ್ನು ನೋಡಿ ಕುತ್ತಿಗೆಯ ಗರಿ ನಿಮಿರಿಸಿತು.

ಅಪ್ಪಿ ನೀರು ತಂದಳು.

"ಇದೆಲ್ಲ ಎಂತ ಅಪ್ಪಿ?"

"ಹುಡಿ ಬಾಯಮ್ಮ."

"ಹುಡಿ ಅಂತ ನನಗೂ ಕಾಣ್ತದೆ ಮಾರಾಯ್ತಿ. ಉರಿಸಲಿಲ್ಲ ಯಾಕೆ?"

"ಹಸಿ ಮರದ ಹುಡಿ ಎಲ್ಲಿ ಉರಿಯುವುದು? ಚಕ್ಕೆ ಆದರೆ ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಮರುದಿನಕ್ಕೆ ಒಣಗ್ತದೆ. ಹುಡಿ ಮುದ್ದೆ ಆಗ್ತದೆ. ಮಳೆಗಾಲ ಅಂತೂ ಕೇಳುವುದೇ ಬೇಡ."

"ಮತ್ತೆ ಅಡಿಗೆ?"

"ತೆಂಗಿನ ಮಡಲು ಉಂಟು, ಸಿಪ್ಪೆ ಉಂಟು. ಗುಡ್ಡೆಯಿಂದ ಮನೋರಮಾ ತರ್ತಾಳೆ."

"ಹಾಗಾದರೆ ನಾರ್ತದೆ ಅಂತ ಯಾಕೆ ಹೇಳಿದ್ದು? ಎಣ್ಣೆ ಯಾಕೆ ಬದಲಿಸಿದ್ದು ನಾನು?" ವೆರೊನಿಕಾಳ ಸ್ವರ ಏರಿತು.

"ಮೊದಲ ದಿನ ಉರಿಸಿ ನೋಡಿದ್ದು ಹೌದು. ನಾರಿದ್ದೂ ಹೌದು. ನೀವು ಹುಡಿ ತಕ್ಕೊಬೇಡ ಅಂತ ಹೇಳಬಹುದು, ಮತ್ತೆ ಚಕ್ಕೆಗೆ ಎಂತಾದರೂ ದಾರಿ ಮಾಡಬಹುದು ಅಂತ ಇದ್ದೆ. ನೀವು ತೆಂಗಿನೆಣ್ಣೆ ಹಾಕಿಸಿದಿರಿ. ಒಲೆಯನ್ನೂ ತಂದುಕೊಟ್ಟಿರಿ. ಅಷ್ಟು ಮಾಡಿದ ಮೇಲೆ ಇದು ಉರಿಯುವುದಿಲ್ಲ ಅಂತ ಯಾವ ಬಾಯಿಯಲ್ಲಿ ಹೇಳುವುದು?"

"ಉರಿಯದ ಹುಡಿಯನ್ನು ದಿನಾ ಹೊತ್ತದ್ದು ಎಂತಕ್ಕೆ? ಹನ್ನೊಂದು ತಿಂಗಳು!"

ಅಪ್ಪಿ ಅವಳನ್ನು ತಿಳಿಯದವಳನ್ನು ನೋಡುವ ಹಾಗೆ ನೋಡಿದಳು.

"ಬಾಯಮ್ಮ, ಒಂದು ದಿನ ಬುಟ್ಟಿ ಖಾಲಿ ಹೋದರೆ ಮರುದಿನ ಬುಟ್ಟಿ ತರುವುದು ಹೇಗೆ? ನಾಲ್ಕು ದಿನ ಬಿಟ್ಟರೆ ಐದನೇ ದಿನ, ನಿನಗೆಂತಕ್ಕೆ ಬುಟ್ಟಿ ಅಂತ ಕೇಳ್ತಾರೆ. ಹುಡಿಯೋ ಮಣ್ಣೋ, ತುಂಬಿಸಿ ಹೊತ್ತರೆ ದೊಡ್ಡ ಪೊರ್ಬುಗಳು ಕೊಟ್ಟದ್ದು ಉಳಿಯಿತು ಅಂತ." ದೊಡ್ಡ ಪೊರ್ಬುಗಳೆಂದರೆ ವೆರೊನಿಕಾಳ ಮಾವ, ಕ್ರಿಸ್ತುವರ ಮನೆಯ ಯಜಮಾನನನ್ನು ತುಳುವರು ಕರೆಯುವುದು ಹಾಗೆ. "ಆ ದಿನ ಸಣ್ಣ ಪೊರ್ಬು ಬೈದದ್ದು ಬೇಜಾರಿಲ್ಲ. ಗಂಡಸರು ಬೈತಾರೆ. ನೀವು ಸುಮ್ಮನಿದ್ದಿರಿ. ಆಗ ಗೊತ್ತಾಯ್ತು, ಹೋಯ್ತು ಅಂತ."

ವೆರೊನಿಕಾಳಿಗೆ ನಾಚಿಕೆಯಾಯಿತು. ಮುಚ್ಚಿಟ್ಟುಕೊಳ್ಳುವಂಥ ನಾಚಿಕೆಯಲ್ಲ, ಕಿವಿಯವರೆಗೆ ಬಿಸಿಯಾಗುವಂಥದ್ದು. ಎಣ್ಣೆ, ಒಲೆ, ಇಗರ್ಜಿಯ ಅಂಗಳದಲ್ಲಿ ಹೇಳಿಕೊಂಡದ್ದು, ಒಂದೊಂದೇ ನೆನಪಿಗೆ ಬಂತು. ಈ ಬೂಸಲು ಹಿಡಿದ ಹುಡಿಗಾಗಿ ಪರದೇಶದ ಮಿಶನ್ ಸುಟ್ಟಿತ್ತು, ಅದನ್ನು ನೆನೆದರೆ ನಗುವೂ ಬರುತ್ತಿತ್ತು. ಬೆಲ್ಲದ ತುಂಡನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದಳು.

"ತಪ್ಪು ನನ್ನದು," ಎಂದಳು. "ಬೇಗ ಶುರುಮಾಡು ಅಂತ ಹೇಳಿದ್ದೂ ನಾನೇ. ಡಿಪೋದಲ್ಲಿ ಮಾವಿನ ಚಕ್ಕೆ ರಾಶಿ ಬಿದ್ದಿದೆ. ನಿನ್ನದು. ಯಾರೂ ಮುಟ್ಟಲಿಲ್ಲ."

ಅಪ್ಪಿ ಗೆರಸೆಯ ಕಡೆ ನೋಡಿದಳು. ಮರುದಿನ ಬೆಳಿಗ್ಗೆ ಬುಟ್ಟಿ ಹಿಡಿದುಕೊಂಡು ಗದ್ದೆಯ ಬದುವಿನಲ್ಲಿ ಬರುತ್ತಿದ್ದಳು.

ಈಸ್ಟರಿಗೆ ಜೇಮ್ಸ್ ಮತ್ತೆ ಬಂದ, ಬ್ಯಾಪ್ಟಿಸ್ಟ್ ಕಳಿಸಿದ ಎರಡು ಪಟ್ಟಿ ತಂದ. ಅಲ್ಲಿಯವರೆಗೆ ಇನ್ನಂಜೆಯವರ ಕೊಡಲಿ, ದಿನಾ ಬುಟ್ಟಿ ತುಂಬಾ ಚಕ್ಕೆ. ಮಿಶನ್ ರಿಪೇರಿಯಾದ ದಿನ ಡೊಮಿನಿಕ್ ಬಿಳಿ ಮರಕ್ಕೆ ಹಿಡಿದು ಗೆರೆ ನೋಡಿದ. ಸುಟ್ಟ ಆಯಿಲಿನ ಕಪ್ಪು ಗೆರೆ ಸರಿಯಾಗಿ ಬಿತ್ತು. ದಿನವಿಡೀ ಕೊಯ್ದ. ಅಪ್ಪಿ ಅಟ್ಟಿ ಹಾಕಿದಳು, ಮಿಶನ್ನಿನ ಕಡೆ ನೋಡಲಿಲ್ಲ. ಸಂಜೆಯಾಯಿತು. ನೆಲದ ತುಂಬಾ ಹುಡಿ. ಅಪ್ಪಿ ಸಿಂಬೆ ಸರಿಮಾಡಿಕೊಂಡು, ಬುಟ್ಟಿ ಹಿಡಿದು, ಹುಡಿಯ ಕಡೆಗೇ ಹೆಜ್ಜೆ ಹಾಕಿದಳು.

"ಅಪ್ಪಿ, ನಿಲ್ಲು," ಎಂದಳು ವೆರೊನಿಕಾ. ಒಂದು ಗೇರಿನ ದಿಮ್ಮಿಯನ್ನು ಅವಳು ಬೆಳಿಗ್ಗೆಯೇ ಬೇರೆ ತೆಗೆದಿಟ್ಟಿದ್ದಳು. ಕೊಡಲಿ ತಂದು ಡೊಮಿನಿಕನ ಕೈಗೆ ಕೊಟ್ಟಳು. "ದಿನದ ಕೊನೆಯ ದಿಮ್ಮಿ ಇನ್ನು ಮೇಲೆ ಕೊಡಲಿಗೆ."

"ಮಿಶನ್ ಇಟ್ಟುಕೊಂಡು ಕೊಡಲಿಯಾ ವೊನಿ? ಬಸ್ಸಿಗೆ ನಿಂತವರು ನಗ್ತಾರೆ."

"ನಗಲಿ. ಅವರಿಗೆ ಬೇರೆ ಎಂತ ಕೆಲಸ ಉಂಟು?"

ಡೊಮಿನಿಕ್ ಅಪ್ಪಿಯನ್ನು ನೋಡಿದ. ಆ ಶನಿವಾರದಿಂದ ಅವನು ಅವಳ ಹತ್ತಿರ ಮುಖಕೊಟ್ಟು ಮಾತಾಡಿರಲಿಲ್ಲ. ಕೊಡಲಿ ಎತ್ತಿದ. ವರ್ಷ ತುಂಬಿ ಮೇಲಾಗಿತ್ತು ಅವನು ಅಡ್ಡ ಕಡಿಯದೆ, ಮೊದಲ ಎರಡು ಏಟು ಎಲ್ಲೆಲ್ಲಿಗೋ ಹೋಯಿತು. ಆಮೇಲೆ ಕೈ ಕೂಡಿಬಂತು. ಅವನು ಏಟು ಹಾಕುತ್ತಿದ್ದದ್ದು ಬೇಕೆಂದೇ ಅಗಲ ಅಗಲವಾಗಿ. ಹಾರಿದ ಚಕ್ಕೆಗಳು ಅಂಗೈಯಗಲ, ಎರಡು ಬೆರಳು ದಪ್ಪ. ಕ್ಷಮೆ ಕೇಳಲು ಅವನಿಗೆ ಅಷ್ಟೇ ಬರುತ್ತಿದ್ದದ್ದು.

ಅಪ್ಪಿ ಕುಳಿತು ಚಕ್ಕೆ ಹೆಕ್ಕಿದಳು. ದಪ್ಪನೆಯದೊಂದನ್ನು ಎತ್ತಿ ತಿರುಗಿಸಿ ನೋಡಿದಳು, ಬುಟ್ಟಿಗೆ ಹಾಕಲಿಲ್ಲ. ಅಂಥವನ್ನು ಒಂದು, ಎರಡು, ಏಳು ಆರಿಸಿ ತೆಗೆದು, ಎದ್ದು ಹೋಗಿ ಅಟ್ಟಿಯ ಸಂದಿಗೆ ಒಂದೊಂದಾಗಿ ಸಿಕ್ಕಿಸಿದಳು.

"ಇದು ಚಕ್ಕೆ ಅಲ್ಲ ಪೊರ್ಬು," ಎಂದಳು. "ಇದು ಕಟ್ಟಿಗೆ. ಬಾಯಮ್ಮನದ್ದು."

ಉಳಿದ ಚಕ್ಕೆಯಿಂದ ಬುಟ್ಟಿ ತುಂಬಿತು. ಅವಳು ಬಗ್ಗಿ ಬುಟ್ಟಿಯ ಒಂದು ಕಡೆ ಹಿಡಿದಳು, ತಲೆಯೆತ್ತಿ ಡೊಮಿನಿಕನನ್ನು ನೋಡಿದಳು.

"ಒಂದು ಕೈ ಹಾಕಿ," ಎಂದಳು. "ಭಾರ ಉಂಟು."